ಜೇಡರ ಬಲೆ ಎಲ್ಲಿ ಹೋಯಿತು?

ಪ್ರಿಯರೇ,

ಫ್ರೆಂಚ್ ಕವಿ ರ್ಯಾಂಬೋ ಕುರಿತ ನಿಮ್ಮ ಹದಿನಾಲ್ಕು ಪುಟದ ಲೇಖನ, ಜೊತೆಗಿಟ್ಟ ಆತನ ಎರಡು ಗದ್ಯಕವಿತೆಗಳ ಅನುವಾದ ತಲುಪಿದವು. ಎರಡು ಸಲ ಓದಿದೆ. ನಿಮ್ಮ ಕನ್ನಡ ಸಲೀಸಾಗಿದೆ. ಫ್ರೆಂಚ್ ಕವಿ ಬರ್ತ್ರಾಂ 1841ರಲ್ಲಿ ತೀರಿಕೊಂಡ ಮರುವರ್ಷ ಅಚ್ಚಾದ ಆತನ ಗದ್ಯಕವಿತೆಗಳ ಪುಸ್ತಕವನ್ನು, ರ್ಯಾಂಬೋಗಿಂತ ಹಿಂದಿನ ಕವಿ ಬೋದಿಲೇರ್ ಮತ್ತೆ ಮತ್ತೆ ತಿರುವಿಹಾಕಿ ಗದ್ಯಕವಿತೆಯ ಕಡೆಗೆ ಹೊರಳಿದ ಸಂಗತಿಯನ್ನು ಅಚ್ಚುಕಟ್ಟಾಗಿ ಹೇಳಿದ್ದೀರಿ. ಆ ಭಾಗಕ್ಕೆ ನಾನು ಕೈಹಾಕುವುದಿಲ್ಲ.

ಆದರೆ ಒಂಬತ್ತನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಈ ಪತ್ರ ಅದರ ಬಗ್ಗೆ.

‘ಪ್ರಳಯದ ನಂತರ’ ಕವಿತೆಯ ಮೊದಲ ಸಾಲನ್ನು ನೀವು ಹೀಗೆ ತಂದಿದ್ದೀರಿ: “ಪ್ರಳಯ ಇಳಿಯುತ್ತಲೇ ಮೊಲವೊಂದು ಹೂಗಳ ನಡುವೆ ನಿಂತು ಕಾಮನಬಿಲ್ಲಿಗೆ ಕೈಮುಗಿಯಿತು.” ಜೇಡರ ಬಲೆ ಎಲ್ಲಿ ಹೋಯಿತು? ಮೂಲದಲ್ಲಿ ಆ ಮೊಲ ಪ್ರಾರ್ಥನೆ ಹೇಳುವುದು ಜೇಡರ ಬಲೆಯ ಮೂಲಕ. ಇಳಿಯುವುದು ಪ್ರಳಯವೂ ಅಲ್ಲ, ಪ್ರಳಯದ ವಿಚಾರ. ‘ಹೂಗಳು’ ಎಂದು ನೀವು ಸಾರಿಸಿಬಿಟ್ಟ ಜಾಗದಲ್ಲಿ ದನಕ್ಕೆ ಹಾಕುವ ಒಂದು ಮೇವಿನ ಗಿಡವಿದೆ, ಅಲುಗಾಡುವ ಗಂಟೆಹೂಗಳಿವೆ. ಒಂದೇ ಸಾಲಿನಲ್ಲಿ ನಾಲ್ಕು ವಸ್ತು ಕಳೆದಿದ್ದೀರಿ.

ಒಮ್ಮೆ ಆ ಮೊಲದ ಜಾಗದಲ್ಲಿ ಕೂತು ನೋಡಿ. ಮೇವಿನ ಗಿಡದೊಳಗೆ ಕೂತ ಮೊಲದ ಕಣ್ಣು ನೆಲದಿಂದ ಗೇಣೆತ್ತರದಲ್ಲಿರುತ್ತದೆ. ಜೇಡ ಬಲೆ ಕಟ್ಟುವುದೂ ಅಷ್ಟೇ ಎತ್ತರದಲ್ಲಿ. ಮಳೆ ಈಗಷ್ಟೇ ನಿಂತಿದೆ. ಮೂಗಿನ ತುದಿಯಲ್ಲಿ ಬಲೆ, ಅದರಾಚೆ ಆಕಾಶದಷ್ಟು ದೊಡ್ಡ ಬಿಲ್ಲು. ಆ ಬಲೆ ಇರುವುದರಿಂದಲೇ ಮೊಲ ಅಲ್ಲಿ ಕೂತಿತ್ತು ಎಂದು ನಾವು ನಂಬುತ್ತೇವೆ. ಅದನ್ನು ಕಿತ್ತ ಮೇಲೆ ಉಳಿದದ್ದು ಮಕ್ಕಳ ಕ್ಯಾಲೆಂಡರಿನ ಚಿತ್ರ. 1886ರಲ್ಲಿ ಒಂದು ಪುಟ್ಟ ಪತ್ರಿಕೆಯಲ್ಲಿ ಬಂದ ಈ ಬರಹಗಳನ್ನು ಜನ ಇವತ್ತಿಗೂ ಏಕೆ ಓದುತ್ತಾರೆ ಎಂದು ನಿಮ್ಮ ಲೇಖನ ಕೇಳುತ್ತದೆ. ನನ್ನ ಮಟ್ಟಿಗೆ ಉತ್ತರ ಆ ಬಲೆ.

ನೀವು ಕೊಡುವ ಉತ್ತರ ಬೇರೆ: ಉನ್ಮಾದ. ಅದಕ್ಕೆ ಆಧಾರವಾಗಿ 1871ರ ಮೇ 15ರಂದು ರ್ಯಾಂಬೋ ತನ್ನ ಪರಿಚಯದ ಕವಿ ಪಾಲ್ ದೆಮೆನಿಗೆ ಬರೆದ ಪತ್ರದಿಂದ ‘ಎಲ್ಲ ಇಂದ್ರಿಯಗಳ ಕ್ರಮಭಂಗ’ ಎಂಬ ಮಾತನ್ನು ಎತ್ತಿದ್ದೀರಿ. ಅಲ್ಲೂ ಒಂದು ಪದ ಬಿಟ್ಟಿದ್ದೀರಿ. ಕವಿ ದ್ರಷ್ಟಾರನಾಗಬೇಕಾದರೆ ಆ ಕ್ರಮಭಂಗ ದೀರ್ಘವಾದದ್ದು, ಅಪಾರವಾದದ್ದು, ಜೊತೆಗೆ ಯೋಚಿಸಿ ಕೈಗೊಂಡದ್ದು ಆಗಿರಬೇಕು ಎನ್ನುತ್ತಾನೆ ಹದಿನಾರರ ಆ ಹುಡುಗ. ‘ಯೋಚಿಸಿ’ ಎಂಬುದನ್ನು ತೆಗೆದರೆ ನಿಮ್ಮ ವಾದಕ್ಕೆ ಅನುಕೂಲ, ಆತನಿಗೆ ಅನ್ಯಾಯ. ಆತ ತನ್ನ ‘ನರಕದಲ್ಲೊಂದು ಋತು’ ಪುಸ್ತಕದ ಪ್ರತಿಗಳನ್ನೆಲ್ಲ ಸುಟ್ಟ ಎಂಬ ಕಥೆಯನ್ನೂ ದಯವಿಟ್ಟು ತೆಗೆದುಬಿಡಿ. 1873ರಲ್ಲಿ ಬ್ರಸೆಲ್ಸಿನಲ್ಲಿ ಅಚ್ಚಾದ ಆ ಪುಸ್ತಕದ ಬಹುಪಾಲು ಪ್ರತಿಗಳು ಮುದ್ರಕನ ಉಗ್ರಾಣದಲ್ಲೇ ಬಿದ್ದಿದ್ದವು, 1901ರಲ್ಲಿ ಸಿಕ್ಕವು.

ಇನ್ನು ‘ಬೆಳಗು’. ಬೇಸಿಗೆಯ ಬೆಳಗನ್ನು ಹುಡುಗನೊಬ್ಬ ಅಟ್ಟಿಸಿಕೊಂಡು ಹೋಗಿ ತಬ್ಬುತ್ತಾನೆ. ಇಬ್ಬರೂ ಕಾಡಿನ ಬುಡದಲ್ಲಿ ಬೀಳುತ್ತಾರೆ. ಕಡೆಯ ಸಾಲು ಇಷ್ಟೇ: “ಎಚ್ಚರವಾದಾಗ ನಡುಹಗಲು.” ನೀವು ಬರೆದದ್ದು: “ಎಚ್ಚರವಾದಾಗ ಸುಡುವ ನಡುಹಗಲು ನನ್ನ ಕನಸನ್ನು ಅಣಕಿಸುತ್ತಿತ್ತು.” ಸುಡುವ ಬಿಸಿಲು, ಅಣಕ, ಕನಸು ಮೂರೂ ನಿಮ್ಮವು. ಆತ ಕನಸೆಂದು ಹೇಳಿಯೇ ಇಲ್ಲ. ಫ್ರೆಂಚಿನಲ್ಲಿ ಈ ಕವಿತೆಯ ಮೊದಲ ವಾಕ್ಯಕ್ಕೂ ಕಡೆಯ ವಾಕ್ಯಕ್ಕೂ ಪದ್ಯದ ಲೆಕ್ಕದಲ್ಲಿ ಎಂಟೆಂಟು ಅಕ್ಷರ. ಬೆಳಗನ್ನು ತಬ್ಬಿದ್ದು ಎಂಟರಲ್ಲಿ, ಕಳಕೊಂಡದ್ದೂ ಎಂಟರಲ್ಲಿ. ಗದ್ಯದೊಳಗೆ ಛಂದಸ್ಸು ಅಡಗಿ ಕೂತಿದೆ. ನಿಮ್ಮ ಮೂರು ಪದಗಳ ಭಾರಕ್ಕೆ ಅದು ಮುರಿಯಿತು.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದ ಹೊಸತು. ಬೋದಿಲೇರನ ಕವಿತೆಗಳನ್ನು ಲಂಕೇಶರು ಕನ್ನಡಕ್ಕೆ ತಂದ ‘ಪಾಪದ ಹೂಗಳು’ ಓದಿ ಆತ ತಲೆಗೇರಿದ್ದ. ಆತನ ಗದ್ಯಕವಿತೆಗಳಲ್ಲಿ ಮೊದಲನೆಯದಾದ ‘ಅಪರಿಚಿತ’ವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ತಂದೆ, ತಾಯಿ, ಗೆಳೆಯರು, ದೇಶ, ಚಿನ್ನ ಯಾವುದೂ ಬೇಡವೆನ್ನುವ ಮನುಷ್ಯ ಕೊನೆಗೆ ತನಗಿಷ್ಟವಾದದ್ದು ಮೋಡಗಳು, ಅಲ್ಲಿ ಸಾಗಿಹೋಗುವ ಅದ್ಭುತ ಮೋಡಗಳು ಎನ್ನುತ್ತಾನೆ. ಅದಕ್ಕೆ ನಾನೊಂದು ಸಾಲು ಸೇರಿಸಿದ್ದೆ: “ಏಕೆಂದರೆ ಅವಕ್ಕೂ ನನ್ನಂತೆ ಮನೆಯಿಲ್ಲ.” ಬರೆದ ದಿನ ಎಷ್ಟು ಖುಷಿಯಾಗಿತ್ತು!

ಸಂಚಿಕೆ ಬಂದಾಗ ಆ ಸಾಲಿರಲಿಲ್ಲ. ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುವ ಕಾಲ. ಕೆಳಗಿಳಿದು ಪ್ರೆಸ್ಸಿಗೆ ಹೋಗಿ ಜಗಳಕ್ಕೆ ನಿಂತೆ. ಕಂಪೋಸಿಟರ್ ಶಾಯಿ ಮೆತ್ತಿದ ಬೆರಳಿಂದ ಪುಟದ ಬುಡ ತೋರಿಸಿ, “ಜಾಗ ಇರಲಿಲ್ಲ ಸಾರ್, ಒಂದು ಸಾಲು ಇಳಿಸಲೇಬೇಕಿತ್ತು. ಅದು ಹೋದರೆ ಏನೂ ಕಮ್ಮಿ ಆಗಲ್ಲ ಅನ್ನಿಸ್ತು” ಅಂದರು. ವಾರವಿಡೀ ಅವರ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ಅಚ್ಚಾದ ಪುಟವನ್ನು ಗಟ್ಟಿಯಾಗಿ ಓದಿಕೊಂಡೆ. ಮೋಡಗಳು ಸಾಗಿಹೋಗುತ್ತಲೇ ಇದ್ದವು. ನನ್ನ ಸಾಲು ಅವನ್ನು ನಿಲ್ಲಿಸಿಬಿಡುತ್ತಿತ್ತು. ಮರುದಿನ ಅವರಿಗೆ ಕಾಫಿ ಕೊಡಿಸಿದೆ. ಏಕೆಂದು ಹೇಳುವಷ್ಟು ಧೈರ್ಯ ಆಗ ಬರಲಿಲ್ಲ.

ಲೇಖನವನ್ನು ಸದ್ಯಕ್ಕೆ ಬದಿಗಿಡಿ. ಎರಡು ಅನುವಾದಗಳನ್ನಷ್ಟೇ ಮತ್ತೆ ಮಾಡಿ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ಫ್ರೆಂಚ್ ಬಲ್ಲವರೊಬ್ಬರಿಂದ ಗಟ್ಟಿಯಾಗಿ ಓದಿಸಿಕೊಂಡು. ಬಲೆಯನ್ನು ಅದರ ಜಾಗಕ್ಕೆ ಕಟ್ಟಿ, ನಡುಹಗಲನ್ನು ಒಂಟಿಯಾಗಿ ಬಿಟ್ಟು ಕಳಿಸಿ. ಮುಂದಿನ ತಿಂಗಳ ಹದಿನೈದರೊಳಗೆ ಬಂದರೆ ಎರಡು ಪುಟ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ