ಕುರ್ಚಿಯಲ್ಲಿ ಕೂತೇ ಸೋಲುವವರಿಗೆ

ಪ್ರಶ್ನೆ: ಬದಿಯಡ್ಕದ ಹತ್ತಿರದವ ನಾನು. ವಯಸ್ಸು 34, ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸಂಜೆ ಕಾಸರಗೋಡಿನ ಒಂದು ಪಾರ್ಲರಿನಲ್ಲಿ ಪೂಲ್, ಅಂದರೆ ಟೇಬಲಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಪಾಕೆಟಿಗೆ ಹಾಕುವ ಆಟ ಆಡುತ್ತೇನೆ. ಅಲ್ಲಿ ನನ್ನನ್ನು ಸೋಲಿಸುವವರು ಕಡಿಮೆ. ಆದರೆ ಮಂಗಳೂರಿನ ಹವ್ಯಾಸಿ ಟೂರ್ನಮೆಂಟಿಗೆ ಹೋದರೆ ಕತೆಯೇ ಬೇರೆ. ಈ ವರ್ಷ ಆರಕ್ಕೆ ಹೋದೆ, ನಾಲ್ಕರಲ್ಲಿ ಮೊದಲ ಸುತ್ತಿಗೇ ಹೊರಗೆ. ಒಂದರಲ್ಲಿ ಮಾತ್ರ ಸೆಮಿಫೈನಲ್ ಮುಟ್ಟಿದೆ. ‘ಆ ದುಡ್ಡಿಗೆ ಒಂದು ಮಿಕ್ಸಿ ಬರುತ್ತಿತ್ತು’ ಎನ್ನುತ್ತಾಳೆ ಹೆಂಡತಿ. ನನ್ನಲ್ಲಿ ಕೊರತೆ ಎಂತದ್ದು? ನಿಲ್ಲಿಸಿಬಿಡಲೇ?

ಉತ್ತರ: ಮಿಕ್ಸಿಯ ತೀರ್ಮಾನ ನೀವಿಬ್ಬರೇ ಮಾಡಿಕೊಳ್ಳಿ ಮಾರಾಯರೇ, ನಡುವೆ ನಾನು ಬರುವುದಿಲ್ಲ. ಉಳಿದದ್ದಕ್ಕೆ ಮೊದಲು ಲೆಕ್ಕ ಹಾಕುವ, ನಿಮ್ಮ ಕಸುಬೇ ಅದಲ್ಲವೇ. 32 ಮಂದಿಯ ನಾಕೌಟ್ ಅಂದರೆ 16 ಮಂದಿ ಮೊದಲ ಸುತ್ತಿಗೇ ಬಸ್ಸು ಹತ್ತಬೇಕು. ಎದುರಾಳಿಗಿಂತ ನೀವು ಒಳ್ಳೆಯ ಆಟಗಾರ, ಪ್ರತಿ ರ್‍ಯಾಕ್ (ಪಂದ್ಯದೊಳಗಿನ ಒಂದೊಂದು ಆಟ) ಗೆಲ್ಲುವ ಸಾಧ್ಯತೆ ನೂರಕ್ಕೆ 60 ಅಂತಲೇ ಇಟ್ಟುಕೊಳ್ಳಿ. ಮೊದಲು ಐದು ರ್‍ಯಾಕ್ ಗೆದ್ದವರಿಗೆ ಪಂದ್ಯ ಎಂಬ ನಿಯಮದಲ್ಲಿ ಪಂದ್ಯ ನಿಮ್ಮದಾಗುವ ಸಾಧ್ಯತೆ ನೂರಕ್ಕೆ 73. ಅಂದರೆ ನಾಲ್ಕು ಪಂದ್ಯದಲ್ಲಿ ಒಂದನ್ನು ಒಳ್ಳೆಯ ಆಟಗಾರನೂ ಬಿಡುತ್ತಾನೆ. ಅದೇ ಅನುಕೂಲ ಇಟ್ಟುಕೊಂಡು ಸಾಲಾಗಿ ಐದು ಪಂದ್ಯ ಗೆದ್ದು ಕಪ್ ಎತ್ತುವುದು ನೂರಕ್ಕೆ 21 ಸಲ. ಹಾಗಾಗಿ ಆರರಲ್ಲಿ ಒಂದು ಸೆಮಿಫೈನಲ್ ನನಗೇನೂ ಕೆಟ್ಟದಾಗಿ ಕಾಣುವುದಿಲ್ಲ. ನಾಲ್ಕು ಸಲ ಮೊದಲ ಸುತ್ತು ಎಂಬುದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಅದಕ್ಕೆ ಒಂದು ಕಾರಣ ಟೇಬಲೇ ಇರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಟೇಬಲಿನ ಬಟ್ಟೆ ತೇವ ಎಳೆದುಕೊಳ್ಳುತ್ತದೆ, ಚೆಂಡು ಭಾರವಾದಂತೆ ಓಡುತ್ತದೆ. ಆ ಕೈಬಲಕ್ಕೆ ಒಗ್ಗಿದವರು ಎಸಿ ಹಾಕಿದ ಕೋಣೆಗೆ ಹೋಗಿ ಅಷ್ಟೇ ಬಲ ಕೊಟ್ಟರೆ ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಒಂದು ಮೊಳ ಮುಂದೆ ಹೋಗಿ ನಿಲ್ಲುತ್ತದೆ. ಗುರಿಯಿಟ್ಟ ಚೆಂಡು ಪಾಕೆಟಿಗೆ ಬಿದ್ದಿರುತ್ತದೆ, ಆದರೆ ಮುಂದಿನದಕ್ಕೆ ದಾರಿ ಮುಚ್ಚಿರುತ್ತದೆ. ‘ಇವತ್ತು ಕೈ ಸರಿ ಇಲ್ಲ’ ಅಂತ ನೀವು ಗೊಣಗುತ್ತೀರಿ. ಟೇಬಲಿನ ಅಳತೆಯೂ ನೋಡಿ. ನೀವು ಆಡುವುದು ಏಳು ಅಡಿಯದ್ದಾಗಿದ್ದು, ಅಲ್ಲಿರುವುದು ಒಂಬತ್ತು ಅಡಿಯದ್ದಾದರೆ ಆಟದ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಚೆಂಡು ಮಾತ್ರ ಅದೇ ಎರಡೂಕಾಲು ಇಂಚಿನದ್ದು. ಅರ್ಧ ಗಂಟೆ ಮೊದಲು ಹೋಗಿ, ಚೆಂಡು ಹಾಕುವ ಉಸಾಬರಿ ಬಿಟ್ಟು, ಬಿಳಿ ಚೆಂಡೊಂದನ್ನೇ ಆ ತುದಿಗೆ ಕಳಿಸಿ ಈ ತುದಿಗೆ ತನ್ನಿ. ಬ್ರೇಕ್, ಅಂದರೆ ಮೊದಲ ಹೊಡೆತ, ಯಾರದ್ದು ಎಂದು ನಿರ್ಧರಿಸುವುದಕ್ಕೂ ಎಷ್ಟೋ ಕಡೆ ಇದನ್ನೇ ಮಾಡಿಸುತ್ತಾರೆ, ಅಲ್ಲಿಗೆ ಒಂದೇ ಏಟಿಗೆ ಎರಡು ಕೆಲಸ.

ಆದರೆ ನನಗೆ ಅನುಮಾನ ಇರುವುದು ಕುರ್ಚಿಯ ಮೇಲೆ. ಪೂಲಿನಲ್ಲಿ ಎದುರಾಳಿ ಆಡುವಾಗ ನಿಮಗೆ ಕೆಲಸವೇ ಇಲ್ಲ. ಕಬಡ್ಡಿಯಲ್ಲಾದರೆ ಹಿಡಿಯಬಹುದು, ವಾಲಿಬಾಲಿನಲ್ಲಿ ತಡೆಯಬಹುದು. ಇಲ್ಲಿ ಅವ ಒಂದೊಂದಾಗಿ ಚೆಂಡು ಹಾಕುತ್ತಾ ಹೋದರೆ ನೀವು ಕ್ಯೂ ಕೋಲು ಹಿಡಿದುಕೊಂಡು ಮದುವೆ ಮನೆಯ ಬೀಗರ ಹಾಗೆ ಕೂತಿರಬೇಕು. ಆಗ ಹೆಚ್ಚಿನವರು ಎಂತ ಮಾಡುತ್ತಾರೆ? ಮೊಬೈಲ್ ತೆಗೆಯುತ್ತಾರೆ, ಇಲ್ಲವೇ ಆಗಲೇ ತಪ್ಪಿಸಿದ ಚೆಂಡನ್ನು ತಲೆಯೊಳಗೆ ಹತ್ತು ಸಲ ಹೊಡೆಯುತ್ತಾರೆ. ಮತ್ತೆ ಟೇಬಲಿಗೆ ಬರುವಾಗ ಕೈ ಕಟ್ಟಿಗೆಯಾಗಿರುತ್ತದೆ.

ಕುಂಬಳೆಯ ಸುತ್ತಮುತ್ತ ತಾಳಮದ್ದಳೆಯಲ್ಲಿ ನಾನೂ ಸಣ್ಣಪುಟ್ಟ ಅರ್ಥ ಹೇಳಿದವ. ಎದುರಿನವರು ಕೌರವನಾಗಿ ಅರ್ಧ ಗಂಟೆ ಮಾತು ಬೆಳೆಸುವಾಗ ಕೃಷ್ಣನಾಗಿ ಕೂತವ ಪೆಂಡಾಲಿನ ಬಟ್ಟೆ ನೋಡುತ್ತಾ ಇರುತ್ತಾನೆಯೇ? ಎಲ್ಲಿ ಮಾತು ಸಡಿಲವಾಯಿತು, ಯಾವ ಎಳೆ ಹಿಡಿದು ಎಳೆಯಬಹುದು ಅಂತ ಕಾಯುತ್ತಾನೆ. ನೀವೂ ಹಾಗೆ ಕೂರಿ. ಯಾವ ಕುಶನ್ (ಟೇಬಲಿನ ಅಂಚಿನ ರಬ್ಬರು) ಚೆಂಡನ್ನು ಸೋತಂತೆ ವಾಪಸ್ ಕೊಡುತ್ತದೆ, ಯಾವ ಪಾಕೆಟ್ ಬಾಯಿಗೆ ಬಂದ ಚೆಂಡನ್ನು ಉಗುಳುತ್ತದೆ, ಎದುರಾಳಿ ಎಡಗಡೆಯ ತೆಳು ಕಟ್ (ಚೆಂಡಿನ ಬದಿಗೆ ತಾಗಿಸುವ ಹೊಡೆತ) ಹೊಡೆಯಲು ಹಿಂಜರಿಯುತ್ತಾನೆಯೇ, ಎಲ್ಲವನ್ನೂ ಅವನೇ ಪುಕ್ಕಟೆ ತೋರಿಸುತ್ತಿರುತ್ತಾನೆ.

ಇದು ನನಗೆ ಸೋತೇ ತಿಳಿದದ್ದು. ಒಮ್ಮೆ ಏಯ್ಟ್‌ಬಾಲ್ (ಕಪ್ಪು ಚೆಂಡನ್ನು ಕೊನೆಗೆ ಹಾಕಿ ಗೆಲ್ಲುವ ಪೂಲ್) ಪಂದ್ಯದಲ್ಲಿ ನಾನು 4–1 ಮುಂದಿದ್ದೆ. ಉಳಿದದ್ದು ಕಪ್ಪು ಚೆಂಡು ಒಂದೇ, ಅದೂ ಪಾಕೆಟಿನ ಬಾಯಿಯಲ್ಲಿ. ನಾಜೂಕಾಗಿ ಮುಟ್ಟಿದ್ದರೆ ಸಾಕಿತ್ತು. ಗೆಳೆಯರು ನೋಡುತ್ತಿದ್ದಾರಲ್ಲ, ಜೋರಾಗಿ ಹೊಡೆದೆ. ಕಪ್ಪು ಬಿತ್ತು, ಅದರ ಬೆನ್ನಿಗೇ ಬಿಳಿಯೂ ಬಿತ್ತು. ಎರಡೂ ಒಟ್ಟಿಗೆ ಬಿದ್ದರೆ ರ್‍ಯಾಕೇ ಹೋಯಿತು. ಅದಾದರೂ ತೊಂದರೆ ಇರಲಿಲ್ಲ, ಆಗಲೂ 4–2. ಆದರೆ ಮುಂದಿನ ಮೂರು ರ್‍ಯಾಕಿನಲ್ಲಿ ನಾನು ಕುರ್ಚಿಯಲ್ಲಿ ಕೂತು ನೋಡಿದ್ದು ಆ ಒಂದು ಹೊಡೆತವನ್ನು ಮಾತ್ರ. 5–4ಕ್ಕೆ ಸೋತೆ. ತಲಪಾಡಿ ದಾಟುವವರೆಗೂ ಬಸ್ಸಿನ ಕಿಟಕಿಯಲ್ಲಿ ಬಿಳಿ ಚೆಂಡೇ ಉರುಳುತ್ತಿತ್ತು.

ಇನ್ನೊಂದು ವಿಷಯ, ಸೇಫ್ಟಿ, ಅಂದರೆ ಚೆಂಡು ಹಾಕುವ ಬದಲು ಎದುರಾಳಿಗೆ ಸುಲಭದ ಹೊಡೆತ ಸಿಗದ ಹಾಗೆ ಆಡುವುದು. ಊರಿನ ಪಾರ್ಲರಿನಲ್ಲಿ ಸೇಫ್ಟಿ ಆಡಿದರೆ ‘ಧೈರ್ಯ ಇಲ್ವಾ?’ ಎಂದು ನಗುತ್ತಾರೆ. ಹಾಗಾಗಿ ಆಗದ ಚೆಂಡನ್ನೂ ಹೊಡೆದೇ ಹೊಡೆಯುವ ಚಟ ನಮಗೆ. ಬಿಳಿ ಚೆಂಡನ್ನು ನಿಮ್ಮದೇ ಚೆಂಡಿನ ಮರೆಗೆ ಕಳಿಸಿ, ಎದುರಾಳಿ ಫೌಲ್ ಮಾಡಿದರೆ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟು ಆಡುವ ಹಕ್ಕು ನಿಮ್ಮದು. ನಗುವವರು ನಗಲಿ.

ನಿಲ್ಲಿಸಬೇಡಿ, ಆದರೆ ಆರು ಬೇಡ, ಮೂರು ಸಾಕು. ದುಡ್ಡು ಕಟ್ಟುವ ಮೊದಲು ಎರಡು ಸೋಲಿನವರೆಗೆ ಅವಕಾಶ ಉಂಟೋ, ಒಂದಕ್ಕೇ ಮುಗಿಯಿತೋ ಕೇಳಿ. ಅಷ್ಟು ದೂರ ಹೋಗಿ ಒಂದೇ ಪಂದ್ಯ ಆಡಿ ಬರುವುದು ನನಗಂತೂ ಒಪ್ಪುವುದಿಲ್ಲ. ಪಂದ್ಯ ಎಷ್ಟು ಗಂಟೆಗೆ ಎಂದೂ ಕೇಳಿ. ಮಧ್ಯಾಹ್ನ ಎರಡಕ್ಕೆ ಅಂದವರು ರಾತ್ರಿ ಹನ್ನೊಂದಕ್ಕೆ ನನ್ನನ್ನು ಕರೆದದ್ದುಂಟು. ಎಲ್ಲಿ ಅಂತ ಹೇಳುವುದಿಲ್ಲ.

ಪ್ರಶ್ನೆ: ಪೂಲ್, ಸ್ನೂಕರ್ ಎರಡೂ ಒಂದೇ ಅಲ್ಲವೇ? (ಓದುಗ, ಮುಳ್ಳೇರಿಯ)

ಉತ್ತರ: ಅಲ್ಲ. ಸ್ನೂಕರಿಗೆ 12 ಅಡಿಯ ಟೇಬಲು, 22 ಚೆಂಡು, ಚೆಂಡೂ ಸಣ್ಣದು. ಏಯ್ಟ್‌ಬಾಲ್ ಪೂಲಿಗೆ ಬಿಳಿಯದೂ ಸೇರಿ 16. ಅಂದ ಹಾಗೆ ಸ್ನೂಕರ್ ಹುಟ್ಟಿದ್ದು ನಮ್ಮ ಜಬಲ್ಪುರದಲ್ಲಿ, 1875ರಲ್ಲಿ, ಬ್ರಿಟಿಷ್ ಸೇನಾಧಿಕಾರಿಗಳ ನಡುವೆ.

ಪ್ರಶ್ನೆ: ಪಿಯುಸಿ ಓದುವ ಮಗ ಪೂಲ್ ಅಂತ ಹೋಗುತ್ತಾನೆ. ಅದು ಜೂಜಾಟವೇ? (ಒಬ್ಬ ತಾಯಿ, ಮಂಜೇಶ್ವರ)

ಉತ್ತರ: ಆಟ ಜೂಜಲ್ಲ ತಾಯಿ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಕ್ಯೂ ಹಿಡಿದೇ ವಿಶ್ವ ಚಾಂಪಿಯನ್ ಆದವರು, 2018ರಲ್ಲಿ ಪದ್ಮಭೂಷಣ ಪಡೆದವರು. ಆದರೆ ಎಲ್ಲಾ ಪಾರ್ಲರೂ ಒಂದೇ ಅಲ್ಲ. ಒಂದು ದಿನ ಹೇಳದೆ ಹೋಗಿ ನೋಡಿ. ಟೇಬಲಿನ ಅಂಚಿನಲ್ಲಿ ಕ್ಯೂ ತುದಿಗೆ ಹಚ್ಚುವ ಚಾಕ್ ಇದ್ದರೆ ಆಡಲಿ ಬಿಡಿ. ನೋಟು ಇದ್ದರೆ ಅಲ್ಲಿಂದಲೇ ಕರೆದುಕೊಂಡು ಬನ್ನಿ.