ಕುಡಿತ ಬಿಡಿಸೋಕೆ ಯಾರನ್ನ ನಂಬೋದು?

ನೀವು ಕೇಳಿದ್ದು: "ನಮ್ಮದು ರಾಣೆಬೆನ್ನೂರು ಹತ್ತಿರದ ಹಳ್ಳಿ. ಅಣ್ಣನಿಗೆ ನಲವತ್ತು. ಬೆಳಗ್ಗೆ ಎದ್ದ ಕೂಡಲೇ ಕುಡಿಯಲೇಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ನೆಟ್‌ನಲ್ಲಿ ಹುಡುಕಿದರೆ ಪುಡಿ ಮಾರುವವರು, ಇಲ್ಲವೇ ಮನೆಗೇ ಬಂದು ಎತ್ತಿಕೊಂಡು ಹೋಗುತ್ತೇವೆ ಅನ್ನುವ ಸೆಂಟರಿನವರು. ಅಣ್ಣ ಎಲ್ಲಿಗೂ ಬರಲ್ಲ ಅಂತಾನೆ. ನಂಬುವಂಥ ಮಾಹಿತಿ ಎಲ್ಲಿ ಸಿಗುತ್ತದೆ?"

ಇದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಕೈ ನಡುಕ. ಉಳಿದದ್ದು ಆಮೇಲೆ. ನಾನು ನಿಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕುಡಿತ ಬಿಡಬೇಕು ಅಂತ ಬಂದವರನ್ನೂ ನೋಡಿದ್ದೇನೆ, ಮನೆಯವರ ಒತ್ತಾಯಕ್ಕೆ ಒಮ್ಮೆಲೇ ನಿಲ್ಲಿಸಿ ಬಿದ್ದು ಬಂದವರನ್ನೂ ನೋಡಿದ್ದೇನೆ. ಅದಕ್ಕೇ ಮೊದಲು ಇದನ್ನು ಹೇಳುತ್ತೇನೆ. ಅಣ್ಣನನ್ನು ರೂಮಿನಲ್ಲಿ ಕೂಡಿಹಾಕಿ "ನಾಳೆಯಿಂದ ಒಂದು ಹನಿ ಇಲ್ಲ" ಅಂತ ಮನೆಯಲ್ಲೇ ನಿಲ್ಲಿಸುವ ಪ್ರಯತ್ನ ಮಾಡಬೇಡಿ. ಡಾಕ್ಟರ್ ನೋಡುವ ತನಕ ಆ ಒತ್ತಾಯ ಬೇಡ.

ಬೆಳಗ್ಗೆ ಕೈ ನಡುಗುತ್ತದೆ, ಕುಡಿದ ಮೇಲೆ ನಿಲ್ಲುತ್ತದೆ ಅಂದರೆ ದೇಹ ಮದ್ಯಕ್ಕೆ ಪೂರ್ತಿ ಒಗ್ಗಿಹೋಗಿದೆ ಅಂತ ಅರ್ಥ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ಕುಡಿದವರ ಮಿದುಳು ಅದನ್ನು ಸರಿದೂಗಿಸಲು ಸದಾ ಜೋರಾಗಿ ಓಡುತ್ತಾ ಇರುತ್ತದೆ. ಮದ್ಯವನ್ನು ಥಟ್ಟನೆ ತೆಗೆದರೆ ಆ ಓಟ ಮಾತ್ರ ಉಳಿಯುತ್ತದೆ. ಮೊದಲ ದಿನ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರು ಪೂರ್ತಿ ಗೊಂದಲಕ್ಕೆ ಬೀಳುತ್ತಾರೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ವಾರ್ಡಿನಲ್ಲಿ ಅದು ಹೇಗಿರುತ್ತದೆ ಅಂತ ಹೇಳುತ್ತೇನೆ. ಕಾಲು ಮುರಿದುಕೊಂಡು ಅಡ್ಮಿಟ್ ಆದ ಒಬ್ಬರು ಎರಡು ದಿನ ಚೆನ್ನಾಗೇ ಮಾತಾಡಿಕೊಂಡಿದ್ದರು. ದಿನಾ ಕುಡಿಯುತ್ತಾರೆ ಅಂತ ಮನೆಯವರು ನಾಚಿಕೆಗೆ ನಮಗೆ ಹೇಳಿರಲಿಲ್ಲ. ಮೂರನೇ ರಾತ್ರಿ ಅವರ ಹೆಂಡತಿ ಓಡಿ ಬಂದರು. "ಸಿಸ್ಟರ್, ಗ್ವಾಡಿ ಮ್ಯಾಲ ಹುಳ ಹರ್ದಾಡಾಕತ್ತಾವ ಅಂತಾರ್ರಿ ಇವ್ರು." ಹೋಗಿ ನೋಡಿದರೆ ಅವರು ಹೊದಿಕೆಯಿಂದ ಏನೋ ಒಂದೊಂದೇ ಹೆಕ್ಕಿ ಹೆಕ್ಕಿ ನೆಲಕ್ಕೆ ಬಿಡುತ್ತಿದ್ದರು. ಮೈಯೆಲ್ಲ ಬೆವರು. ತಾನು ಗದ್ದೆಯಲ್ಲಿದ್ದೇನೆ ಅಂತಲೇ ಅವರ ಲೆಕ್ಕ. ಕುಡಿತದ ವಿಷಯ ಮೊದಲೇ ಗೊತ್ತಿದ್ದಿದ್ದರೆ ಅಡ್ಮಿಟ್ ಆದ ದಿನವೇ ಮಾತ್ರೆ ಶುರುವಾಗುತ್ತಿತ್ತು. ಆದ್ದರಿಂದ ಅಣ್ಣ ಬೇರೆ ಯಾವ ಕಾಯಿಲೆಗೆ ಆಸ್ಪತ್ರೆ ಸೇರಿದರೂ ದಿನಕ್ಕೆ ಎಷ್ಟು ನೈಂಟಿ, ಕೊನೆಯದಾಗಿ ಕುಡಿದದ್ದು ಯಾವಾಗ ಅಂತ ದಯವಿಟ್ಟು ಹೇಳಿಬಿಡಿ.

ಸರಿಯಾದ ಜಾಗದಲ್ಲಿ ಈ ಹಂತ ಅಷ್ಟು ಕಷ್ಟದ್ದಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಥರದ ಮಾತ್ರೆ ಕೊಟ್ಟು, ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳ್ಳಿ ಕಡೆ ಕುಡಿದು ಸುಸ್ತಾದವರನ್ನು ಕರೆತಂದು "ಸಿಸ್ಟರ್, ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ" ಅನ್ನುವುದು ಮಾಮೂಲಿ. ಬಹಳ ಕಾಲ ಕುಡಿದು, ಸರಿಯಾಗಿ ಊಟ ಮಾಡದವರಲ್ಲಿ ಬಿ1 ಬಹಳ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗುವ ಅಪಾಯ ಇದೆ. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ನೆನಪು ಹೋಗುವುದು, ಇವೆಲ್ಲ ಆಗಬಹುದು. ಅದಕ್ಕೇ ನಾವು ಥಯಾಮಿನ್ ಇಂಜೆಕ್ಷನ್ ಮೊದಲು ಕೊಡುತ್ತೇವೆ. ಊರಿನ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕುವಾಗ ನೀವೂ ಕೇಳಬಹುದು, ತಪ್ಪೇನಿಲ್ಲ.

ಫಿಟ್ಸ್ ಬಂದರೆ, ಯಾರು ಎಲ್ಲಿ ಅಂತ ಗುರುತು ತಪ್ಪಿದರೆ ಯೋಚನೆ ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ನನ್ನ ಅಳತೆಗೋಲು ಒಂದೇ. ನಂಬುವಂಥವರು ಮೊದಲು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ. ಎಷ್ಟು ವರ್ಷದಿಂದ ಕುಡಿಯುತ್ತಿದ್ದಾರೆ, ಫಿಟ್ಸ್ ಬಂದಿತ್ತಾ, ಲಿವರ್ ಹೇಗಿದೆ, ಬೇರೆ ಮಾತ್ರೆ ಏನಾದರೂ ಇದೆಯಾ, ಸಾಯುವ ಮಾತಾಡುತ್ತಾರಾ. ಇದ್ಯಾವುದನ್ನೂ ಕೇಳದೆ ರೇಟು ಹೇಳುವವರನ್ನೂ, "ನೂರಕ್ಕೆ ನೂರು ಬಿಡಿಸುತ್ತೇವೆ" ಅನ್ನುವವರನ್ನೂ ಅಲ್ಲೇ ಬಿಡಿ.

ಮೊದಲ ಫೋನಿಗೆ ಎರಡು ನಂಬರ್ ಬರೆದಿಟ್ಟುಕೊಳ್ಳಿ. 14446 ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ. ಕುಡಿತ, ಗಾಂಜಾ, ಮಾತ್ರೆ, ಬೇರೆ ಡ್ರಗ್ಸ್, ಎಲ್ಲದಕ್ಕೂ ಇದೇ. ಹತ್ತಿರದ ಸರ್ಕಾರಿ ಅನುದಾನದ ಕೇಂದ್ರ ಯಾವುದು ಅಂತ ಇಲ್ಲಿ ಕೇಳಿ. ಇನ್ನೊಂದು 14416, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಇದು 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಣ್ಣನೇ ಮಾತಾಡಬೇಕು ಅಂತೇನೂ ಇಲ್ಲ. ನೀವು ಮಾಡಿದರೂ ಆಯಿತು.

ಆಸ್ಪತ್ರೆ ಅಂದರೆ ನಿಮಗೆ ಹಾವೇರಿ ಜಿಲ್ಲಾ ಆಸ್ಪತ್ರೆ ಹತ್ತಿರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಅಲ್ಲಿ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ. ಅಡ್ಮಿಟ್ ಮಾಡಬೇಕಾದ ಸ್ಥಿತಿ ಇದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ರಾಣೆಬೆನ್ನೂರಿನಿಂದ ರೈಲಿನಲ್ಲೇ ಹೋಗಬಹುದು. ಬೆಂಗಳೂರಿನಲ್ಲಿ ಸಂಬಂಧಿಕರಿದ್ದರೆ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಮನೋವೈದ್ಯರ ಹತ್ತಿರ ಹೋದರೆ ಊರಲ್ಲಿ "ಹುಚ್ಚಿನ ಡಾಕ್ಟರ್ ಹತ್ರ ಹೋದ್ರು" ಅಂತಾರೆ, ನನಗೂ ಗೊತ್ತು. ಆದರೆ ಕುಡಿತ ಬಿಡಿಸುವ ಔಷಧಿ, ಅದರ ಲೆಕ್ಕಾಚಾರ ಚೆನ್ನಾಗಿ ಗೊತ್ತಿರುವುದು ಅವರಿಗೇ.

2019ರಲ್ಲಿ ದೆಹಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಕೊಟ್ಟ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದವರಲ್ಲಿ 38 ಜನರಿಗೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಉಳಿದ ಮನೆಗಳಲ್ಲಿ ಏನು ನಡೆಯುತ್ತಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪುಡಿ ಮಾರುವವರು ಹಿಡಿಯುವುದೇ ಆ ಮನೆಗಳನ್ನು.

ಆ ಪುಡಿಯ ವಿಷಯ. "ಸಾರಿನಲ್ಲಿ ಬೆರೆಸಿ ಕೊಡಿ, ಅವರಿಗೆ ಗೊತ್ತೇ ಆಗಲ್ಲ" ಅಂತ ಮಾರುತ್ತಾರೆ ಅಲ್ವಾ? ಪೊಟ್ಟಣದಲ್ಲಿ ಏನಿದೆ ಅಂತ ಕೊಂಡವರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅಂತ ಒಂದು ನಿಜವಾದ ಮಾತ್ರೆ ಇದೆ. ಮದ್ಯ ದೇಹದಲ್ಲಿ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಅನ್ನುವ ವಿಷವನ್ನು ಅದು ಮುಂದೆ ಕರಗಲು ಬಿಡುವುದಿಲ್ಲ. ಮಾತ್ರೆ ತಗೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಆ ಅಪಾಯ ಇರುತ್ತದೆ. ಹೃದಯ, ಲಿವರ್ ಪರೀಕ್ಷೆ ಮಾಡಿ, ಎಲ್ಲ ವಿವರಿಸಿ, ಅವರು ಒಪ್ಪಿದರೆ ಮಾತ್ರ ಡಾಕ್ಟರ್ ಇದನ್ನು ಬರೆಯುತ್ತಾರೆ. ಆ ಪುಡಿಯಲ್ಲಿ ಇದೇ ಇದ್ದರೆ, ಗೊತ್ತಿಲ್ಲದೆ ತಿಂದ ಮನುಷ್ಯ ಎಂದಿನಂತೆ ಎರಡು ಕ್ವಾರ್ಟರ್ ಕುಡಿದರೆ ಪ್ರಾಣಕ್ಕೇ ಬರಬಹುದು. ಬದುಕಿ ಉಳಿದರೂ, ಊಟದಲ್ಲಿ ಏನೋ ಹಾಕಿದ್ದರು ಅಂತ ಗೊತ್ತಾದ ದಿನದಿಂದ ಅವರು ಮನೆಯವರ ಕೈಯಿಂದ ನೀರನ್ನೂ ಮುಟ್ಟುವುದಿಲ್ಲ. ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಥರ ಕುಡಿಯುವ ಆಸೆ ಕಡಿಮೆ ಮಾಡುವ ಮಾತ್ರೆಗಳೂ ಇವೆ. ಅವುಗಳನ್ನು ನೇರವಾಗಿ, ಹೇಳಿಯೇ ಕೊಡುತ್ತಾರೆ.

ಎತ್ತಿಕೊಂಡು ಹೋಗುವ ಸೆಂಟರುಗಳ ಬಗ್ಗೆ. ಎಲ್ಲ ಖಾಸಗಿ ಕೇಂದ್ರವೂ ಕೆಟ್ಟದ್ದಲ್ಲ. ಒಳ್ಳೆಯ ಕೆಲಸ ಮಾಡುವವರು ಇದ್ದಾರೆ. ಆದರೆ ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡು ಹೋಗಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ಗೆ ಸಂಬಂಧಿಸಿದ ಮಾನಸಿಕ ತೊಂದರೆಗಳೂ ಸೇರಿವೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಸರಪಳಿಯಲ್ಲಿ ಕಟ್ಟುವುದು ಪೂರ್ತಿ ನಿಷೇಧ. ಮನೆಯವರು ಭೇಟಿ ಮಾಡಲು, ಫೋನಿನಲ್ಲಿ ಮಾತಾಡಲು ಅವಕಾಶ ಇರಬೇಕು. ಒಪ್ಪದವರನ್ನು ಸೇರಿಸಿಕೊಳ್ಳುವುದಕ್ಕೂ ದಾರಿ ಇದೆ. ಆದರೆ ಅದಕ್ಕೆ ಮನೋವೈದ್ಯರು ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ತನಗೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಮೊದಲಿಗೆ ಗರಿಷ್ಠ 30 ದಿನ. ರಾತ್ರಿ ನಾಲ್ಕು ಜನ ಬಂದು ವ್ಯಾನಿಗೆ ಹತ್ತಿಸಿಕೊಂಡು ಹೋಗುವುದಕ್ಕೆ ಈ ಕಾಯ್ದೆಯಲ್ಲಿ ಜಾಗ ಇಲ್ಲ. ಸೆಂಟರಿಗೆ ಹೋದಾಗ ನೋಂದಣಿ ಪತ್ರ ತೋರಿಸಿ ಅನ್ನಿ. ರಾತ್ರಿ ಫಿಟ್ಸ್ ಬಂದರೆ ಯಾವ ಡಾಕ್ಟರ್ ಬರುತ್ತಾರೆ ಅಂತ ಕೇಳಿ. ಮಲಗುವ ಜಾಗ, ಅಡುಗೆಮನೆ ನೋಡುತ್ತೇವೆ ಅನ್ನಿ. ಒಳಗೆ ಬಿಡದಿದ್ದರೆ ವಾಪಸ್ ಬನ್ನಿ.

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಸುಮಾರು ಎಂಟು ದಿನದ್ದು, ಊರೂರಲ್ಲೇ ನಡೆಯುತ್ತದೆ. ಇದರ ಮೇಲೆ ನನಗೆ ಗೌರವ ಇದೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಸೇರುತ್ತಾರೆ, ಅದು ಬಹಳ ಮುಖ್ಯ. ಆದರೆ ನಿಮ್ಮ ಅಣ್ಣನಿಗೆ ಬೆಳಗಿನ ನಡುಕ ಇದೆ. ಅದಕ್ಕೆ ಮೊದಲು ಡಾಕ್ಟರಿಗೆ ತೋರಿಸಿ, ಫಿಟ್ಸ್ ಏನಾದರೂ ಬಂದಿದ್ದರೆ ಅದನ್ನು ಶಿಬಿರದವರಿಗೂ ಬಾಯಿಬಿಟ್ಟು ಹೇಳಿ ಕಳಿಸಿ.

ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನುತ್ತಾರೆ, 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಕನ್ನಡದಲ್ಲೂ ಸಭೆ ನಡೆಯುತ್ತವೆ. ಫೀಸಿಲ್ಲ, ಹೆಸರು ಬರೆಸುವುದಿಲ್ಲ. ಕುಡಿದು ಬಿಟ್ಟವನೇ ಎದುರು ಕೂತು ತನ್ನ ಕಥೆ ಹೇಳಿದಾಗ ಆಗುವ ಪರಿಣಾಮವೇ ಬೇರೆ. ನಾವು ನರ್ಸುಗಳು ಎಷ್ಟು ಹೇಳಿದರೂ ಅದು ಆಗುವುದಿಲ್ಲ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಸಭೆ ಇದೆ. ನಿಮ್ಮ ಅತ್ತಿಗೆಗೆ ಇದನ್ನು ಹೇಳಿ.

ಅಣ್ಣ ಬರಲ್ಲ ಅಂತಾನೆ ಅಂದಿರಿ. ಹಾಗಿದ್ದರೆ ನೀವೊಬ್ಬರೇ ಹೋಗಿ. ಮನೆಯವರು ಮಾತ್ರ ಬಂದು ಕೌನ್ಸೆಲರ್ ಹತ್ತಿರ ಮಾತಾಡುವುದು ನಮ್ಮಲ್ಲಿ ದಿನಾ ನಡೆಯುತ್ತದೆ. ಅಣ್ಣನ ಹತ್ತಿರ ಮಾತಾಡುವ ಹೊತ್ತು ನೋಡಿಕೊಳ್ಳಿ. ಕುಡಿದಾಗ ಬೇಡ, ನಡುಕ ಇದ್ದಾಗಲೂ ಬೇಡ. ಬೆಳಗ್ಗೆ ಸ್ವಲ್ಪ ಸಮಾಧಾನಕ್ಕೆ ಬಂದ ಮೇಲೆ, ಮಕ್ಕಳ ಮುಂದೆ ಅಲ್ಲ, ಒಬ್ಬರೇ ಕೂತು ಮಾತಾಡಿ. "ಕುಡಿಯೋದು ಬಿಡು" ಅಂದರೆ ಜಗಳವಾಗುತ್ತದೆ. "ಅಣ್ಣಾ, ನಿನ್ ಕೈ ನಡಗೋದು ನೋಡಿ ಹೆದರಿಕೆ ಆಗ್ತದ, ಅದಕ್ಕ ಒಮ್ಮೆ ತೋರ್ಸ್ಕೊಂಡು ಬರೋಣು" ಅಂದು ನೋಡಿ. ಎಷ್ಟೋ ಜನ ಕುಡಿತಕ್ಕೆ ಬರದವರು ನಡುಕಕ್ಕೆ, ನಿದ್ದೆ ಇಲ್ಲದ್ದಕ್ಕೆ, ಹೊಟ್ಟೆ ನೋವಿಗೆ ಬಂದಿದ್ದಾರೆ. ಸಾಲ ತೀರಿಸುವುದು, ಮಾಲೀಕರಿಗೆ ಸುಳ್ಳು ಹೇಳಿ ರಜೆ ಕೇಳುವುದು ಮಾತ್ರ ಇನ್ನು ನಿಮ್ಮ ಕೆಲಸವಾಗದಿರಲಿ. ಅಣ್ಣ ಕೈ ಮಾಡುತ್ತಿದ್ದರೆ ಅತ್ತಿಗೆ, ಮಕ್ಕಳು ಬೇರೆ ಕಡೆ ಇರಲಿ. ಮಹಿಳಾ ಸಹಾಯವಾಣಿ 181.

ಬಿಟ್ಟವರು ಮತ್ತೆ ಕುಡಿಯುವುದು ಉಂಟು. ಬಿಪಿ, ಶುಗರ್ ಇದ್ದವರಿಗೆ ಒಮ್ಮೆ ಏರಿತು ಅಂತ ಚಿಕಿತ್ಸೆ ನಿಲ್ಲಿಸುತ್ತೇವಾ? ಹಾಗೆಯೇ ಇದೂ. ಡಿಸ್ಚಾರ್ಜ್ ಆದ ಮೇಲಿನ ಮೊದಲ ಕೆಲವು ತಿಂಗಳು ಫಾಲೋಅಪ್ ತಪ್ಪಿಸಬೇಡಿ. ಮತ್ತೆ ಕುಡಿದರೆ ಬೈಗುಳ ಬಿಟ್ಟು ಅದೇ ಡಾಕ್ಟರ ಹತ್ತಿರ ಅದೇ ವಾರ ಕರೆದುಕೊಂಡು ಹೋಗಿ.

ಆಸ್ಪತ್ರೆಗೆ ಹೊರಡುವ ದಿನ ಅಣ್ಣನ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿ, ತಗೊಳ್ಳುವ ಮಾತ್ರೆಗಳ ಖಾಲಿ ಸ್ಟ್ರಿಪ್ ಇಟ್ಟುಕೊಳ್ಳಿ. ಕೊನೆಯ ಸಲ ಕುಡಿದ ಹೊತ್ತು, ಎಷ್ಟು ಅಂತ ಒಂದು ಕಾಗದದಲ್ಲಿ ಬರೆದಿಡಿ, ಗಡಿಬಿಡಿಯಲ್ಲಿ ಮರೆಯುತ್ತದೆ. ಜೊತೆಗೆ ಉಳಿಯಲು ಒಬ್ಬರು ಇರಲಿ. ಒಪಿಡಿ ಚೀಟಿಗೆ ಬೆಳಗ್ಗೆ ಬೇಗ ಸಾಲಿನಲ್ಲಿ ನಿಲ್ಲಿ. ನಡುವೆ ಏನಾದರೂ ಗೊತ್ತಾಗದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಡ್ಯೂಟಿ ಮುಗಿಸಿ ಬಂದು ಉತ್ತರ ಕೊಡುತ್ತೇನೆ.