ದೀಪಾವಳಿಗೆ ಪುಣೆದಿಂದ ಊರಿಗೆ ಹೊಂಟೀವಿ, ಮನಿಮಂದಿಗೆಲ್ಲ ಕಡಿಮಿ ಖರ್ಚಿನ್ಯಾಗ ಗಿಫ್ಟ್ ಹೆಂಗ ತಗೊಳ್ಳೋದು?

ಮೊದಲ ಬಸ್ ಟಿಕೆಟ್ ರೊಕ್ಕ ಬ್ಯಾರೆ ತೆಗೆದಿಡ್ರಿ, ಹಬ್ಬದ ಟೈಮಿಗೆ ಹುಬ್ಬಳ್ಳಿ ಕಡೆ ಹೋಗೋ ಪ್ರೈವೇಟ್ ಬಸ್ ರೇಟ್ ಭಾಳ ಏರ್ತದ, ಉಳಿದದ್ದೇ ನಿಮ್ಮ ಗಿಫ್ಟ್ ಬಜೆಟ್.

ಎಲ್ಲಾರಿಗೂ ಒಂದೊಂದು ತರೋ ಹಟ ಬಿಡ್ರಿ. ಅಣ್ಣ ತಮ್ಮ ಅತ್ತಿಗಿ ಅಕ್ಕ ಭಾವ ಎಲ್ಲಾರ ಹೆಸರು ಚೀಟಿ ಬರ್ದು ಎತ್ತಿಸಿ, ಯಾರಿಗೆ ಯಾರು ಅಂತ ವಾಟ್ಸಾಪ್ ಗ್ರೂಪ್‌ನ್ಯಾಗ ಹಾಕ್ರಿ, ಒಬ್ಬೊಬ್ರು ಒಬ್ರಿಗಷ್ಟೇ ಕೊಡೋದು, 500 ರೂಪಾಯಿ ದಾಟಂಗಿಲ್ಲ ಅಂತ ಮೊದಲೇ ಮಾತಾಡ್ಕೊಂಡ್ರ ಯಾರಿಗೂ ಮುಜುಗರ ಇಲ್ಲ. ಅಜ್ಜ ಅಜ್ಜಿ, ಸಣ್ಣ ಹುಡುಗ್ರು ಚೀಟಿ ಹೊರಗ, ಅವರಿಗೆ ಎಲ್ಲಾರೂ ಕೂಡಿ ಒಂದು ಛಲೋ ಸಾಮಾನು ತಗೊಳ್ರಿ, ಅಜ್ಜಿಗೆ ಮೆತ್ತನ ಶಾಲು ಅಂದ್ರ ಸಾಕು, ದಿನಾ ಹೊದ್ಕೋತಾರ.

ಖರೀದಿಗೆ ಪುಣೆದ ತುಳಶಿಬಾಗ್ ಮಾರ್ಕೆಟ್ ಬೆಸ್ಟ್, ಸ್ಟೀಲ್ ಡಬ್ಬಿ, ಬಳಿ, ಆಟಗಿ ಸಾಮಾನು ಎಲ್ಲಾ ಒಂದೇ ಕಡೆ ಸಿಗ್ತಾವ, ಆದ್ರ ವಾರದ ನಡುವ ಹೋಗ್ರಿ, ಹಬ್ಬದ ಹಿಂದಿನ ಭಾನುವಾರ ಕಾಲಿಡಾಕ ಜಾಗ ಇರಂಗಿಲ್ಲ. ಖಣ (ಕುಬಸದ ಬಟ್ಟಿ) ಮಾತ್ರ ಇಲ್ಲಿಂದ ಒಯ್ಯಬ್ಯಾಡ್ರಿ, ಅದು ನಮ್ಮ ಗುಳೇದಗುಡ್ಡದ ನೇಯ್ಗಿ, ಊರ ಕಡೆನೇ ತಗೊಳ್ರಿ.

ಹಾಂ, ಭಾವುಬೀಜ್ (ಅಣ್ಣ-ತಂಗಿ ಹಬ್ಬ) ದಿನ ಅಕ್ಕ ತಂಗಿ ಆರತಿ ಎತ್ತಿದಾಗ ತಾಟಿಗೆ ಹಾಕೋ ರೊಕ್ಕನೂ ಈ ಲೆಕ್ಕದಾಗೇ ಹಿಡೀರಿ.